ಊರಬಾಗಿಲಲ್ಲಿ ಕುಳಿತ ನಾಲ್ವರು

ಓದತಕ್ಕ ವೇದಭಾಗ: 2 ಅರಸುಗಳು 7ನೆಯ ಅಧ್ಯಾಯ, 3ರಿಂದ 11ನೆಯ ವಚನಗಳು.



ಅರಾಮ್ಯರ ದಂಡು ಸಮಾರ್ಯಪಟ್ಟಣವನ್ನು ಮುತ್ತಿದ್ದಾಗ ಒಳಗೆ ಘೋರವಾದ ಬರವಿತ್ತು. ಊರಬಾಗಿಲಲ್ಲಿ ನಾಲ್ವರು ಕುಷ್ಠರೋಗಿಗಳು ಕುಳಿತಿದ್ದರು. ಊರೊಳಗೆ ಹೋದರೆ ಹಸಿವಿನಿಂದ ಸಾವು, ಕುಳಿತಲ್ಲೇ ಇದ್ದರೂ ಸಾವು, ಶತ್ರುಗಳ ಪಾಳೆಯಕ್ಕೆ ಹೋದರೆ ಒಂದು ವೇಳೆ ಜೀವ ಉಳಿದೀತು ಎಂದು ತಮ್ಮೊಳಗೆ ಆಲೋಚಿಸಿಕೊಂಡು, ಅವರು ಮುಚ್ಚಂಜೆಯಲ್ಲಿ ಎದ್ದು ಹೊರಟರು. ಪಾಳೆಯದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಅವರು ಬರುವುದಕ್ಕೆ ಮುಂಚೆಯೇ ಕರ್ತನು ಅರಾಮ್ಯರನ್ನು ಓಡಿಸಿಬಿಟ್ಟಿದ್ದನು.

ಇದರಲ್ಲಿ ನಾವು ಮೊದಲು ಗಮನಿಸತಕ್ಕದ್ದೇನಂದರೆ, ಪಾಳೆಯವು ಬರಿದಾಗಿದೆಯೆಂದು ಆ ನಾಲ್ವರಿಗೆ ತಿಳಿದಿರಲಿಲ್ಲ. ಭಯವು ಹೋದ ಮೇಲೆ ಅವರು ಎದ್ದವರಲ್ಲ, ಭಯವಿರುವಾಗಲೇ ಎದ್ದರು. ನಾವಾದರೋ ಹೆದರಿಕೆ ತೀರಲಿ, ಆಮೇಲೆ ಕೈಹಾಕೋಣ ಎಂದು ಕಾದಿರುತ್ತೇವೆ. ಕುಳಿತವನ ಭಯವು ಕುಳಿತಲ್ಲೇ ಬೆಳೆಯುತ್ತದೆ.

ಮೈಸೂರು ಸೀಮೆಯು ಇಂಥ ಕಾಲವನ್ನು ಕಂಡದ್ದುಂಟು. 1898ರಲ್ಲಿ ಪ್ಲೇಗು ಈ ಸೀಮೆಗೆ ಬಂದಾಗ, ಮನೆಯಲ್ಲಿ ಇಲಿ ಬಿದ್ದರೆ ಜನರು ಮರೆಮಾಡಿದರು. ಕ್ಯಾಂಪಿಗೆ ಒಯ್ಯುವರೆಂದು ಹೆದರಿ ರೋಗಿಗಳನ್ನು ಒಳಮನೆಯಲ್ಲಿ ಬಚ್ಚಿಟ್ಟರು. ಬಚ್ಚಿಟ್ಟದ್ದರಿಂದ ಅಪಾಯವು ಹೆಚ್ಚಿತೇ ಹೊರತು ತಗ್ಗಲಿಲ್ಲ; ಯಾಕಂದರೆ ಸತ್ತ ಇಲಿಯನ್ನು ಬಿಟ್ಟ ಚಿಗಟವು ಮನುಷ್ಯರನ್ನು ಕಚ್ಚಿ ರೋಗವನ್ನು ದಾಟಿಸುತ್ತದೆ. ಆದರೆ ಎದ್ದು ಕೆಲಸಮಾಡಿದವರೂ ಇದ್ದರು. ಹಾಫ್ಕಿನ್ ಎಂಬ ವಿದ್ವಾಂಸನು 1897ರಲ್ಲಿ ಮುಂಬಯಿಯಲ್ಲಿ, ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಹಾಕಿಸಿಕೊಂಡನು. ಮೈಸೂರಿನಲ್ಲಿ 1903ರಲ್ಲಿ ನಗರಸುಧಾರಣೆಯ ಮಂಡಲಿಯು ಏರ್ಪಟ್ಟು, ಇಕ್ಕಟ್ಟಾದ ಕೇರಿಗಳಾಚೆ ಗಾಳಿಬೆಳಕುಳ್ಳ ಬಡಾವಣೆಗಳು ಏಳತೊಡಗಿದವು. 1906ರಲ್ಲಿ ವೆಸ್ಲಿಯನ್ ಮಿಷನಿನವರು ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಜನರು ಇಂದಿಗೂ ಅದನ್ನು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಇಂದು ವಿದ್ಯಾರಣ್ಯಪುರಂನ ಬೀದಿಗಳಲ್ಲಿ ನಿರ್ಭಯವಾಗಿ ನಡೆಯುವ ನಮ್ಮವರು, ಒಂದು ಕಾಲದಲ್ಲಿ ಈ ನಗರವು ಯಾವ ಭಯವನ್ನು ದಾಟಿ ಬಂತೆಂಬದನ್ನು ಮರೆಯಬಾರದು.

ಹಾಗಾದರೆ ನಂಬಿ ಹೊರಟವರಿಗೆ ಕೇಡೇ ಬಾರದೋ? ಹಾಗೆಂದು ದೇವರ ವಾಕ್ಯವು ಎಲ್ಲಿಯೂ ಹೇಳುವುದಿಲ್ಲ. ಸ್ತೆಫನನು ಕಲ್ಲೇಟಿನಿಂದ ಸತ್ತನು; ನಮ್ಮ ಕರ್ತನು ತಾನೇ ಗೆತ್ಸೇಮನೆಯಲ್ಲಿ ವ್ಯಾಕುಲಪಟ್ಟು, ಆ ವ್ಯಾಕುಲದೊಡನೆಯೇ ಎದ್ದು ಶಿಲುಬೆಯ ಕಡೆಗೆ ನಡೆದನು. ಬದುಕಿದರೂ ಸತ್ತರೂ ನಾವು ಆತನವರೇ ಎಂಬದೇ ನಮ್ಮ ಧೈರ್ಯವು.

ಇನ್ನೊಂದು ಮಾತುಂಟು. ಆ ನಾಲ್ವರು ಹೊಟ್ಟೆತುಂಬ ಉಂಡು, ಬೆಳ್ಳಿಬಂಗಾರವನ್ನು ಅಡಗಿಸಿಟ್ಟ ಮೇಲೆ, ನಾವು ಮಾಡುವದು ಸರಿಯಲ್ಲವೆಂದು ಒಬ್ಬರಿಗೊಬ್ಬರು ಹೇಳಿಕೊಂಡು, ತಮ್ಮನ್ನು ಹೊರಗಿಟ್ಟ ಊರಿಗೇ ಹೋಗಿ ಶುಭವರ್ತಮಾನವನ್ನು ತಿಳಿಸಿದರು. ತನ್ನ ಜೀವವನ್ನು ಮಾತ್ರ ಉಳಿಸಿಕೊಳ್ಳುವ ಧೈರ್ಯವು ಅರ್ಧ ಧೈರ್ಯವಷ್ಟೇ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಚ್ಚಿಟ್ಟ ರೋಗಗಳಿವೆ. ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆಯನ್ನು ಸೆರಗಿನಲ್ಲಿ ಮರೆಮಾಡುವ ತಾಯಿಯೂ, ಎರಡು ವಾರ ಮೀರಿದ ಕೆಮ್ಮನ್ನು ನೆರೆಯವರಿಗೆ ಹೆದರಿ ನುಂಗಿಕೊಳ್ಳುವ ತಂದೆಯೂ ನಮ್ಮ ನಡುವೆ ಇರಬಹುದು. ಕುಷ್ಠವು ಆರು ಅಥವಾ ಹನ್ನೆರಡು ತಿಂಗಳ ಔಷಧದಿಂದ ಗುಣವಾಗುತ್ತದೆ. ಕ್ಷಯವು ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ವಾಸಿಯಾಗುತ್ತದೆ. ಎರಡಕ್ಕೂ ಸರಕಾರದ ಆಸ್ಪತ್ರೆಗಳಲ್ಲಿ ಔಷಧವು ಧರ್ಮಾರ್ಥವಾಗಿ ದೊರೆಯುತ್ತದೆ. ಔಷಧವು ದೇವರ ದಾನವೇ. ಅದನ್ನು ತೆಗೆದುಕೊಳ್ಳುವದು ಅಪನಂಬಿಕೆಯಲ್ಲ. ಪ್ರಾರ್ಥಿಸಿರಿ, ಪ್ರಾರ್ಥಿಸಿ ಎದ್ದು, ಈ ವಾರದಲ್ಲೇ ಅಂಥವರ ಮನೆಗೆ ಹೋಗಿ, ಅವರ ಜೊತೆಯಲ್ಲಿ ಆಸ್ಪತ್ರೆಯ ತನಕ ನಡೆಯಿರಿ. ಒಬ್ಬನಿಗೆ ದೂರವಾದ ದಾರಿಯು ಇಬ್ಬರಿಗೆ ಹತ್ತಿರ.

ಕರುಣಾಳುವಾದ ತಂದೆಯೇ, ಬಾಗಿಲಲ್ಲಿ ಕುಳಿತಿರುವ ನಮ್ಮನ್ನು ಎಬ್ಬಿಸು. ನಾವು ಹೋಗಬೇಕಾದಲ್ಲಿಗೆ ನೀನು ಮುಂದಾಗಿ ಹೋಗಿರುವಿಯೆಂದು ನಂಬುವ ಹೃದಯವನ್ನು ಯೇಸುವಿನ ನಾಮದಲ್ಲಿ ಅನುಗ್ರಹಿಸು. ಆಮೆನ್.