ಅಶಕ್ಯವೆಂಬ ಎಣಿಕೆ

ಜಾಂಬವಂತನು ನೆನಪಿಸಿದೊಡನೆ ಹನುಮಂತನು ಸಮುದ್ರವನ್ನು ಲಂಘಿಸಿದನು. ಅವನಲ್ಲಿ ಶಕ್ತಿಯು ಮೊದಲೇ ಇದ್ದಿತು, ಮರೆವೊಂದೇ ಅಡ್ಡವಾಗಿದ್ದಿತು. ಸಾಮಾನ್ಯ ಮನುಷ್ಯನ ‘ನನ್ನಿಂದಾಗದು’ ಎಂಬ ಭಾವನೆಯು ಅಷ್ಟು ಸುಲಭವಾಗಿ ತೊಲಗತಕ್ಕುದೆ?

ಓಟಗಾರರ ಚರಿತ್ರೆಯಲ್ಲಿ ಇದಕ್ಕೊಂದು ನಿದರ್ಶನವುಂಟು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡುವುದು ಮನುಷ್ಯಮಾತ್ರದವರಿಗೆ ಮೀರಿದುದೆಂದು ಅನೇಕರು ಬಗೆದಿದ್ದರು. 1945ರ 4 ನಿಮಿಷ 1.4 ಸೆಕೆಂಡಿನ ದಾಖಲೆಯು ಸುಮಾರು ಒಂಬತ್ತು ವರ್ಷ ಅಲುಗಲಿಲ್ಲ. ರೋಜರ್ ಬ್ಯಾನಿಸ್ಟರನೆಂಬ ವೈದ್ಯವಿದ್ಯಾರ್ಥಿಯು ಆ ನಂಬಿಕೆಯೊಡನೆ ವಾದಕ್ಕಿಳಿಯದೆ ಅದನ್ನು ತುಂಡುತುಂಡಾಗಿ ಅಳೆದನು. ಕಾಲುಮೈಲಿಯನ್ನು ಹತ್ತು ಸಲ, ನಡುನಡುವೆ ಎರಡೆರಡು ನಿಮಿಷ ವಿರಮಿಸಿ ಓಡುವುದು ಅವನ ಅಭ್ಯಾಸ. ಸುತ್ತಿನ ಕಾಲವು 61 ಸೆಕೆಂಡಿಗೆ ಬಂದು ನಿಂತುಬಿಟ್ಟಾಗ, ಓಟವನ್ನೇ ಕೆಲದಿನ ಬಿಟ್ಟು ಬೆಟ್ಟ ಹತ್ತಲು ಹೋದನು; ಮರಳಿದ ಮೇಲೆ ಅದು 59ಕ್ಕೆ ಇಳಿಯಿತು. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ, ಗೆಳೆಯರಿಬ್ಬರು ಸರದಿಯಂತೆ ಮುಂದೋಡಿ ವೇಗವನ್ನು ಕಾಯ್ದುಕೊಡಲು, 3 ನಿಮಿಷ 59.4 ಸೆಕೆಂಡಿನಲ್ಲಿ ಗುರಿ ಮುಟ್ಟಿದನು.

ನಾಲ್ವತ್ತಾರು ದಿನಗಳಲ್ಲಿ ಆಸ್ಟ್ರೇಲಿಯದ ಜಾನ್ ಲ್ಯಾಂಡಿಯು ಅದನ್ನೂ ಮೀರಿದನು. ಗೋಡೆಯು ಮನಸ್ಸಿನಲ್ಲಿ ಮಾತ್ರ ಇದ್ದಿತೆಂದು ಇದರಿಂದ ಸಾಧಿಸುವವರುಂಟು. ಅದು ಅವಸರದ ನಿರ್ಣಯ. ಲ್ಯಾಂಡಿಯು ಮುಂಚೆಯೇ ಹಲವು ಸಲ 4 ನಿಮಿಷ 2 ಸೆಕೆಂಡಿನ ಆಸುಪಾಸಿಗೆ ಬಂದಿದ್ದನು. ಬ್ಯಾನಿಸ್ಟರನ ಸುದ್ದಿಯು ಅವನ ಸಂಶಯವನ್ನು ಕಳೆದಿರಬಹುದು. ಕಾಲಿಗೆ ಬಲವನ್ನು ತಂದುಕೊಡಲಿಲ್ಲ. ಅಲ್ಲದೆ ಫಿನ್‌ಲೆಂಡಿನ ಆ ಪಂದ್ಯದಲ್ಲಿ ಅವನ ಬೆನ್ನಟ್ಟಿ ಓಡಿದವನು, ಆಕ್ಸ್‌ಫರ್ಡಿನಲ್ಲಿ ಬ್ಯಾನಿಸ್ಟರನಿಗೆ ವೇಗ ಕಾಯ್ದಿದ್ದ ಕ್ರಿಸ್ ಚಾಟವೇ.