ಇಂದಿನ ಚಿಂತನೆ: ಸ್ಟೀರಿಂಗ್ ಹಿಡಿದಿದ್ದವರು ಯಾರು?



ಪ್ರತಿ ಭಾನುವಾರ ನಾವು ವಿರೂಪಾಕ್ಷಿಪುರದಲ್ಲಿ ಕೂತು ಪಂಚಶೀಲ ಹೇಳುತ್ತೇವೆ. ಸುಳ್ಳಾಡುವುದರಿಂದ ದೂರವಿರುತ್ತೇನೆ ಎಂಬ ನಾಲ್ಕನೆಯ ಶೀಲವನ್ನು ನಾನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಅದರ ಬೆಲೆ ಎಷ್ಟು ಅಂತ ಈ ವರ್ಷ ಗೊತ್ತಾಯಿತು. ನನ್ನ ಜೇಬಿನಿಂದ ಹೋಗಿದ್ದರೆ ಬರೆಯುತ್ತಿರಲಿಲ್ಲ. ಹೋದದ್ದು ನನ್ನ ತಮ್ಮನ ಮಗನ ಜೇಬಿನಿಂದ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸಾಲ ಮಾಡಿ ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ತಗೊಂಡ, ಸೆಕೆಂಡ್ ಹ್ಯಾಂಡ್. ನಮ್ಮ ಕಡೆಯ ರಸ್ತೆಗೆ ಅದು ಆಗುವ ಗಾಡಿಯಲ್ಲ, ಹಂಪ್ ಬಂದಾಗಲೆಲ್ಲ ಹೊಟ್ಟೆ ಕೆರೆದುಕೊಳ್ಳುತ್ತಿತ್ತು. ಆದರೂ ಅದು ನಮ್ಮ ಕೇರಿಗೆ ಬಂದ ದಿನ ನನಗೆ ಗಂಟಲು ಕಟ್ಟಿತು. ನಮ್ಮಪ್ಪ ಊರೊಳಗೆ ಹೋಗುವಾಗ ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಡೆದವರು.

ಏಪ್ರಿಲ್ 14ರಂದು ಬಾಬಾಸಾಹೇಬರ ಜಯಂತಿಗೆ ಅವನು ಕಾರಿನಲ್ಲೇ ಬಂದ. ಮೆರವಣಿಗೆ ಮುಗಿದ ಮೇಲೆ ಹುಡುಗರೆಲ್ಲ ಒಂದೊಂದು ರೌಂಡು ಕೇಳಿದರು. ನನ್ನ ಮಗ ಕೀ ಕೇಳಿದ. ಅವನಿಗೆ ಟ್ರ್ಯಾಕ್ಟರ್ ಓಡಿಸಿ ಗೊತ್ತು. ಲೈಸೆನ್ಸ್ ಇಲ್ಲ, ಎಲ್‌ಎಲ್‌ಆರ್ ಕೂಡ ಮಾಡಿಸಿರಲಿಲ್ಲ. ನಾನು ಜಗಲಿ ಮೇಲೆ ಕೂತಿದ್ದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವನು ಆ ಸೀಟಿನಲ್ಲಿ ಕೂತದ್ದು ನೋಡೋಕೆ ಚೆನ್ನಾಗಿತ್ತು.

ಚನ್ನಪಟ್ಟಣದ ರಸ್ತೆಯಲ್ಲಿ ಮೋರಿ ಕಟ್ಟೆಗೆ ಹೊಡೆದ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರಿಂದ ಮುಂಗೈ ಮೂಳೆ ಮುರಿದದ್ದಕ್ಕೇ ಮುಗಿಯಿತು. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಇನ್ಶೂರೆನ್ಸ್ ಲೆಕ್ಕ ಹೀಗಿದೆ, ಗಾಡಿ ಇರುವವರು ತಿಳಿದಿರುವುದು ಒಳ್ಳೆಯದು. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ. ಗಾಡಿ ಹಳೆಯದಾದ ಹಾಗೆ ಅದು ಇಳಿಯುತ್ತದೆ. ಐದು ವರ್ಷ ದಾಟಿದರೆ ಕಂಪನಿ ಮತ್ತು ಮಾಲೀಕ ಒಪ್ಪಿಕೊಂಡ ಬೆಲೆಯೇ ಐಡಿವಿ. ರಿಪೇರಿ ಖರ್ಚು ಅದರ ಶೇ. 75 ದಾಟಿದರೆ ರಿಪೇರಿ ಮಾಡಿಸುವುದಿಲ್ಲ, ಟೋಟಲ್ ಲಾಸ್ ಅಂತ ಲೆಕ್ಕ ಮುಗಿಸುತ್ತಾರೆ. ನಮ್ಮ ಹುಡುಗನ ಐಡಿವಿ 11,40,000. ಅದರಲ್ಲಿ 2,000 ಕಳೆದು, ಮೊದಲು ಬ್ಯಾಂಕಿನ ಬಾಕಿ 7,20,000 ತೀರಿಸಿ, ಉಳಿದ 4,18,000 ಇವನ ಕೈಗೆ. ಸರ್ವೇಯರ್ ಇದನ್ನೆಲ್ಲ ನಮ್ಮ ಜಗಲಿ ಮೇಲೇ ಕೂತು, ಟೀ ಕುಡಿಯುತ್ತಾ ಲೆಕ್ಕ ಹಾಕಿ ಹೇಳಿದರು. ಮರ್ಯಾದಸ್ಥ ಮನುಷ್ಯ. ಕ್ಲೇಮ್ ಫಾರಂನಲ್ಲಿ ಚಾಲಕನ ಹೆಸರು, ಲೈಸೆನ್ಸ್ ನಂಬರ್ ಬರೆಯುವ ಜಾಗವಿತ್ತು. ತಮ್ಮನ ಮಗ ತನ್ನದೇ ಬರೆದಿದ್ದ.

ಎದ್ದು ಹೊರಡುವಾಗ ಅವರು ಸುಮ್ಮನೆ ಕೇಳಿದರು: "ನೀವೂ ಇಲ್ಲೇ ಇದ್ರಾ ಮೇಷ್ಟ್ರೇ? ಗಾಡಿ ಯಾರು ಓಡುಸ್ತಿದ್ರು?"

"ನಾನು ಒಳಗಿದ್ದೆ ಸಾರ್, ನೋಡ್ಲಿಲ್ಲ" ಅಂದೆ.

ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಯಿಂದ ಅದು ಎಷ್ಟು ಸಲೀಸಾಗಿ ಬಂತು ಅಂದರೆ, ನನಗೇ ಆಶ್ಚರ್ಯ.

ಮನೆಯಲ್ಲಿ ಎಲ್ಲರದೂ ಒಂದೇ ಮಾತು, ಕಂಪನಿ ದುಡ್ಡು ತಾನೇ. ಆ ಮಾತು ನನಗೆ ಹಿಡಿಸಲಿಲ್ಲ. ವಿಮೆ ಅಂದರೆ ಹತ್ತು ಜನ ಒಂದು ಹುಂಡಿಗೆ ಹಾಕಿ, ನಷ್ಟವಾದವನಿಗೆ ಅದರಿಂದ ಕೊಡುವುದು. 1947ರಲ್ಲಿ ಬಾಬಾಸಾಹೇಬರು 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ, ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ವಯಸ್ಕರೆಲ್ಲರೂ ತಮ್ಮ ಕೂಲಿಗೆ ತಕ್ಕಂತೆ ಜೀವ ವಿಮೆ ಮಾಡಿಸಲೇಬೇಕು ಎಂದು ಸೂಚಿಸಿದ್ದರು. ಕೂಲಿಯವನ ದುಡ್ಡಿಗೆ ಸರ್ಕಾರವೇ ಜಾಮೀನು ಇರಲಿ ಅಂತ. ಈಗ ಆ ಹುಂಡಿ ಬಹುಪಾಲು ಖಾಸಗಿಯವರ ಕೈಗೆ ಹೋಗಿರಬಹುದು. ಆದರೆ ಅದಕ್ಕೆ ಹಾಕಿದವರಲ್ಲಿ ನಮ್ಮ ಆಟೋ ಹುಡುಗರೂ ಇದ್ದಾರೆ.

ಇದನ್ನು ತಮ್ಮನ ಮಗನಿಗೆ ಹೇಳಿದೆ. ಅವನು ಅಂದ, "ದೊಡ್ಡಪ್ಪ, ತಾತನಿಗೆ ಮಂಜೂರಾದ ಎರಡು ಎಕರೆ ಬರಸ್ಕೊಂಡ್ರಲ್ಲ, ಅದಕ್ಕೆ ಯಾವ ಕಂಪನಿ ಕ್ಲೇಮ್ ಕೊಡ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆ ಸಾಲ ನಿಜ. ಆದರೆ ಸಾಲಗಾರ ಆ ಸರ್ವೇಯರ್ ಅಲ್ಲ.

ಆ ರಾತ್ರಿ ನಿದ್ದೆ ಬರದೆ ಚಾಳೀಸಗಾಂವ್ ನೆನಪಾಯಿತು. 1929ರಲ್ಲಿ ಅಲ್ಲಿನ ನಮ್ಮ ಜನ ಬಾಬಾಸಾಹೇಬರನ್ನು ಕೇರಿಗೆ ನಡೆಸಿಕೊಂಡು ಹೋಗುವುದು ಅವರ ಘನತೆಗೆ ತಕ್ಕದ್ದಲ್ಲ ಅಂದುಕೊಂಡರು. ಟಾಂಗಾವಾಲಾಗಳು ಓಡಿಸಲು ಒಪ್ಪಲಿಲ್ಲ. ಒಬ್ಬ ಟಾಂಗಾ ಮಾತ್ರ ಬಾಡಿಗೆಗೆ ಕೊಟ್ಟ. ಓಡಿಸಲು ಬರದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲಿನ ಮೂಳೆ ಮುರಿಯಿತು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಇದನ್ನೆಲ್ಲ ಬರೆದಿದ್ದಾರೆ: ಲಗಾಮು ಹಿಡಿದವನು ಯಾರು, ಅವನೇ ಯಾಕೆ ಹಿಡಿಯಬೇಕಾಯಿತು, ಘನತೆ ಕಾಪಾಡಲು ಹೋಗಿ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎನ್ನುವುದನ್ನೂ ಬಿಡದೆ. ನಮ್ಮವರ ತಪ್ಪು ಅಂತ ಮುಚ್ಚಲಿಲ್ಲ.

ಅವರಿಗಾದದ್ದನ್ನು ನಮಗೆ ಹೋಲಿಸಿಕೊಳ್ಳುವಂತಿಲ್ಲ. ನಮಗೆ ಯಾರೂ ಓಡಿಸಲ್ಲ ಅಂದಿರಲಿಲ್ಲ. ಲೈಸೆನ್ಸ್ ಮಾಡಿಸದಿದ್ದದ್ದು ನಮ್ಮ ಸೋಮಾರಿತನ.

ಬೆಳಿಗ್ಗೆ ರಾಹುಲೋವಾದ ಸುತ್ತ ತೆಗೆದೆ. ಸುಳ್ಳಿನ ಬಗ್ಗೆ ಬುದ್ಧರು ಮಗ ರಾಹುಲನಿಗೆ ಹೇಳಿದ ಮಾತುಗಳವು. ಅಶೋಕನು ಬೈರಾಟದ ಶಾಸನದಲ್ಲಿ ಭಿಕ್ಖುಗಳೂ ಉಪಾಸಕರೂ ಕೇಳಬೇಕೆಂದು ಹೆಸರಿಸಿದ ಉಪದೇಶಗಳಲ್ಲಿ ಇದೂ ಒಂದು. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗೆ ನೋವೇ, ಪರರಿಗೆ ನೋವೇ, ಇಬ್ಬರಿಗೂ ನೋವೇ ಎಂದು ಕನ್ನಡಿಯಲ್ಲಿ ನೋಡಿದಂತೆ ನೋಡಿಕೋ ಎನ್ನುತ್ತಾರೆ. ನಾನು ನೋಡಿಕೊಂಡೆ. ಇಕ್ಕಟ್ಟು ಶುರುವಾದದ್ದೇ ಅಲ್ಲಿ. ನಿಜ ಹೇಳಿದರೆ ನೋವು ಪರರಿಗೆ. ಮಗನಿಗಿಂತ ಹೆಚ್ಚಾಗಿ ತಮ್ಮನ ಮಗನಿಗೆ. ಸುಳ್ಳು ಉಳಿಸಿದರೆ ಕಣ್ಣಿಗೆ ಕಾಣುವ ನೋವು ಯಾರಿಗೂ ಇಲ್ಲ. ಶೀಲ ತೆಗೆದುಕೊಳ್ಳುವಾಗ ನಾನು ತೆಗೆದುಕೊಳ್ಳುತ್ತೇನೆ ಅನ್ನುತ್ತೇವೆ, ಇವನ ಪರವಾಗಿ ತೆಗೆದುಕೊಳ್ಳುತ್ತೇನೆ ಅನ್ನುವುದಿಲ್ಲ. ಹಾಗಾದರೆ ನನ್ನ ಶೀಲವನ್ನು ಅವನ ಹನ್ನೊಂದು ಲಕ್ಷದಲ್ಲಿ ಕೊಂಡುಕೊಳ್ಳಲು ನಾನು ಯಾರು? ಅದೇ ಹೊತ್ತಿಗೆ ಇನ್ನೊಂದು ಗುಮಾನಿಯೂ ಬಂತು: ಅವನ ದುಡ್ಡಿಗಾಗಿ ಅಂತ ನಾನು ಹೇಳಿದ ಸುಳ್ಳು ನಿಜವಾಗಿ ನನ್ನ ಮಗನನ್ನು ಉಳಿಸಲಿಕ್ಕೇ ಇದ್ದಿರಬಹುದಲ್ಲ?

ಅವನಿಗೆ ಇಷ್ಟೇ ಹೇಳಿದೆ: "ನಿನಗೆ ಗೊತ್ತಾಗದ ಹಾಗೆ ನಾನು ಯಾರ ಹತ್ರಾನೂ ಹೋಗಲ್ಲ. ಆದರೆ ಅವರು ಇನ್ನೊಂದು ಸಲ ಕೇಳಿದ್ರೆ ನಾನು ನೋಡಿದೆ ಅಂತೀನಿ. ಕಂತಿನಲ್ಲಿ ಅರ್ಧ ನನ್ನದು."

"ನಿಮಗೆ ಶೀಲ, ನನಗೆ ಸಾಲ" ಅಂತ ಹೇಳಿ ಬೆಂಗಳೂರಿಗೆ ಹೋದ.

ಮೂರನೇ ದಿನ ಅವನೇ ಸರ್ವೇಯರ್‌ಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದ. ಯಾಕೆ ಹೇಳಿದ ಅಂತ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ, ಪಾಲಿಸಿಯ ಷರತ್ತು ಮುರಿದಿದೆ, ಕ್ಲೇಮ್ ಇಲ್ಲ ಅಂತ ಕಾಗದ ಬಂತು. ಬ್ಯಾಂಕಿನ ಒಪ್ಪಿಗೆ ತಗೊಂಡು ಕಾರನ್ನು ಗುಜರಿಯವರಿಗೆ ಕೊಟ್ಟೆವು. 1,60,000 ಬಂತು, ಅದೂ ಸಾಲಕ್ಕೆ ಜಮಾ. ಉಳಿದದ್ದು 5,60,000. ತಿಂಗಳ ಕಂತಿನ ಅರ್ಧ ನನ್ನ ಪಿಂಚಣಿಯಿಂದ ಹೋಗುತ್ತದೆ. ಅದಕ್ಕೆ ಮಗ ಡೇರಿಗೆ ಹಾಲು ಹಾಕಿದ ದುಡ್ಡಿನಲ್ಲಿ ಸ್ವಲ್ಪ ಸೇರಿಸುತ್ತಾನೆ. ನನ್ನ ಹೆಂಡತಿ ಇದನ್ನು ಹುಚ್ಚು ಅನ್ನುತ್ತಾಳೆ. ತಮ್ಮನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಮುಂಗೈ ಕೂಡಿದ ಮೇಲೆ ಮಗ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿದ. ಕಳೆದ ಭಾನುವಾರ ತಮ್ಮನ ಮಗ ಬಸ್ಸಿನಲ್ಲಿ ಬಂದಿದ್ದ. ಹಿಂದಿನ ಸಾಲಿನಲ್ಲಿ ಕೂತು ನಮ್ಮೊಂದಿಗೆ ಪಂಚಶೀಲ ಹೇಳಿದ. ನಾಲ್ಕನೆಯದು ಬಂದಾಗ ನಾನು ತಿರುಗಿ ನೋಡಲಿಲ್ಲ. ಮುಗಿದ ಮೇಲೆ ಊಟಕ್ಕೆ ಬಾ ಅಂದೆ. "ಬಸ್ಸಿಗೆ ಹೊತ್ತಾಯ್ತು ದೊಡ್ಡಪ್ಪ" ಅಂದ.

ನಮೋ ಬುದ್ಧಾಯ.