ಮದ್ದಿನ ಬೆಲೆ, ದಾನದ ಮಿತಿ

ಬೇರು ಕೊಟ್ಟು ಬೆಲೆ ಕೇಳಬಾರದು, ಕೇಳಿದರೆ ಮದ್ದು ನಾಟುವುದಿಲ್ಲ. ಹಳ್ಳಿಯ ನಾಟಿ ವೈದ್ಯರು ಬಹುಕಾಲ ಪಾಲಿಸಿಕೊಂಡು ಬಂದ ಕಟ್ಟುಪಾಡು ಇದು. ಎಲೆ ಅಡಿಕೆಯ ಮೇಲೆ ರೋಗಿ ಇಟ್ಟಷ್ಟೇ ಕಾಣಿಕೆ. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟ ಇರುವುದು ಕೊರಟಗೆರೆ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಕೊಳಾಲದವರೂ ಇವತ್ತು ಬಿಪಿ, ಶುಗರ್ ಮಾತ್ರೆಗೆ ಮೆಡಿಕಲ್ ಶಾಪಿನ ಮುಂದೆ ನಿಲ್ಲಬೇಕು. ಕೂಲಿಯ ದುಡ್ಡಿನಲ್ಲಿ ಬದುಕುವ ಮನೆಗೆ ತಿಂಗಳ ಮಾತ್ರೆ ಒಟ್ಟಿಗೆ ಕೊಳ್ಳುವುದೇ ಕಷ್ಟ. ದುಡ್ಡು ಮುಗಿದ ದಿನ ಮಾತ್ರೆಯೂ ನಿಲ್ಲುತ್ತದೆ.

ಹಾಗಾದರೆ ಔಷಧಕ್ಕೆ ಬೆಲೆ ಕಟ್ಟುವುದೇ ಅಧರ್ಮವೇ? ಅಷ್ಟು ಸುಲಭದ ಉತ್ತರ ಇಲ್ಲಿಲ್ಲ. ಬೆಟ್ಟದ ಬೇರಿಗೆ ಅಗೆಯುವ ಕೈ ಸಾಕು. ಮಾತ್ರೆಯ ಹಿಂದೆ ಸಂಶೋಧನೆ, ಕಾರ್ಖಾನೆ, ಲಾರಿ, ಅಂಗಡಿ ಎಲ್ಲವೂ ಇವೆ. ಖರ್ಚನ್ನು ಯಾರಾದರೂ ಹೊರಲೇಬೇಕು. ಯಾರು ಹೊರಬೇಕು, ಎಷ್ಟು ಹೊರಬೇಕು ಎಂಬುದೇ ಧರ್ಮದ ಪ್ರಶ್ನೆ.

ಈ ಪ್ರಶ್ನೆ ಕನ್ನಡ ನೆಲಕ್ಕೆ ಹೊಸದಲ್ಲ. ಆಹಾರ, ಅಭಯ, ಶಾಸ್ತ್ರದ ಜೊತೆ ಔಷಧವನ್ನೂ ಸೇರಿಸಿ ಜೈನರು ನಾಲ್ಕು ದಾನಗಳನ್ನು ಹೇಳಿದರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಓದು, ಅನ್ನ, ಆಶ್ರಯಗಳ ಜೊತೆಗೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗವೆಂದು ಅದು ಮಠವನ್ನು ಹೊಗಳುತ್ತದೆ. ಆ ಶಾಸನ ಬರೀ ಹೊಗಳಿಕೆಯಲ್ಲ, ದತ್ತಿ ಬಿಟ್ಟದ್ದರ ದಾಖಲೆಯೂ ಹೌದು. ಮಠದ ಕರುಣೆ ಬತ್ತದಂತೆ ನೋಡಿಕೊಳ್ಳಲು ಭೂಮಿಯ ಹುಟ್ಟುವಳಿ ಇತ್ತು. ಕೊಡುವವನ ಮನಸ್ಸು ಬದಲಾದರೂ ಕೊಡುವುದು ನಿಲ್ಲಬಾರದು ಎಂಬ ಎಚ್ಚರ ಹನ್ನೆರಡನೆಯ ಶತಮಾನದಲ್ಲೇ ಇತ್ತು.

ದಾನದ ಶಕ್ತಿಯನ್ನು ಪಾವಗಡದಲ್ಲಿ ಕಾಣಬಹುದು. ಅಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳ ಸೇವೆಯಲ್ಲಿ ದಶಕಗಳಿಂದ ತೊಡಗಿದೆ. ಕುಷ್ಠಕ್ಕೆ ಬೇಕಾದ ಬಹುಔಷಧ ಚಿಕಿತ್ಸೆಯ ಮಾತ್ರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1995ರಿಂದ ಜಗತ್ತಿಗೆಲ್ಲ ಉಚಿತವಾಗಿ ಹಂಚುತ್ತಿದೆ. ಮೊದಲು ಜಪಾನಿನ ನಿಪ್ಪಾನ್ ಪ್ರತಿಷ್ಠಾನ ಖರ್ಚು ಹೊತ್ತಿತು, 2000ದಿಂದ ನೊವಾರ್ಟಿಸ್ ಕಂಪನಿ ಮಾತ್ರೆಗಳನ್ನೇ ಕೊಡತೊಡಗಿತು. 2005ರ ಕೊನೆಗೆ ಭಾರತದಲ್ಲಿ ಕುಷ್ಠದ ಪ್ರಮಾಣ 10,000 ಜನರಿಗೆ ಒಂದಕ್ಕಿಂತ ಕೆಳಗಿಳಿಯಿತು.

ಅದೇ ನೊವಾರ್ಟಿಸ್ ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧದ ಪೇಟೆಂಟಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಭಾರತದ ಬೇರೆ ಕಂಪನಿಗಳ ಅದೇ ಔಷಧಕ್ಕೆ ಸುಮಾರು 10,000 ಇತ್ತು. ಬಡ ರೋಗಿಗಳಿಗೆ ಗ್ಲಿವೆಕ್ ಪುಕ್ಕಟೆ ಕೊಡುವ ಯೋಜನೆಯನ್ನೂ ಕಂಪನಿ ನಡೆಸುತ್ತಿತ್ತು. 2013ರ ಏಪ್ರಿಲ್ 1ರಂದು ಕೋರ್ಟು ಪೇಟೆಂಟ್ ನಿರಾಕರಿಸಿತು, ಅಗ್ಗದ ಮಾತ್ರೆಯ ದಾರಿ ತೆರೆದೇ ಉಳಿಯಿತು. ಪುಕ್ಕಟೆ ಕೊಡುವಾಗ ಯಾರಿಗೆ, ಎಲ್ಲಿಯವರೆಗೆ ಎಂದು ತೀರ್ಮಾನಿಸುವವನು ಕೊಡುವವನೇ. ಬೆಲೆ ಇಳಿದರೆ ರೋಗಿ ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲ. ಕೊಡುವವನ ಅಹಂಕಾರ ಕರಗಬೇಕೆಂದು ಶರಣರು ದಾಸೋಹದಲ್ಲಿ ಬಯಸಿದ್ದೂ ಇಂಥದ್ದನ್ನೇ.

ಬೆಲೆ ಇಳಿಸುವ ಕಾನೂನು ನಮ್ಮಲ್ಲಿದೆ, ಆದರೆ ಅದರ ಲೆಕ್ಕ ವಿಚಿತ್ರ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ 384 ಔಷಧಗಳಿವೆ, ಬೆಲೆಯ ಮಿತಿ ಬೀಳುವುದು ಇವುಗಳ ಮೇಲೆ. 1995ರ ಬೆಲೆ ಆದೇಶ ತಯಾರಿಕೆಯ ಖರ್ಚನ್ನು ಆಧಾರವಾಗಿ ಹಿಡಿಯುತ್ತಿತ್ತು. 2013ರ ಆದೇಶ ಬಂದ ಮೇಲೆ, ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಬ್ರ್ಯಾಂಡುಗಳ ಬೆಲೆಯ ಸರಾಸರಿಗೆ ಅಂಗಡಿಯವರ ಶೇ 16 ಲಾಭ ಸೇರಿಸಿ ಮಿತಿ ಹಾಕುತ್ತಾರೆ. ಎಲ್ಲರೂ ದುಬಾರಿಗೆ ಮಾರುತ್ತಿದ್ದರೆ ಸರಾಸರಿಯೂ ದುಬಾರಿಯೇ. ಲಾಭವಿಲ್ಲದೆ ಹೊಸ ಔಷಧ ಹುಟ್ಟುವುದಿಲ್ಲ ಎಂಬ ಕಂಪನಿಗಳ ವಾದದಲ್ಲಿ ತಿರುಳಿದೆ. ಆದರೆ ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಮಾರಿದ್ದು ತಲಾ ಒಂದು ಡಾಲರಿಗೆ. ಬಡ ದೇಶಗಳಿಗೆ ದಿನಕ್ಕೆ 10 ಸೆಂಟಿಗಿಂತ ಕಡಿಮೆ ಬೆಲೆಗೆ ಇನ್ಸುಲಿನ್ ಕೊಡುವುದಾಗಿ ಬೆಂಗಳೂರಿನ ಬಯೋಕಾನ್ 2019ರಲ್ಲಿ ಘೋಷಿಸಿತು. ಉದ್ಯಮಕ್ಕೂ ಅಗ್ಗದ ದಾರಿ ಗೊತ್ತಿಲ್ಲದೆ ಇಲ್ಲ.

ಅಗ್ಗವಾದರಷ್ಟೇ ಸಾಲದು ಎಂಬುದನ್ನು ಬಳ್ಳಾರಿ ಕಲಿಸಿದೆ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ತೀರಿಕೊಂಡಾಗ, ಪೂರೈಕೆಯಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಎದ್ದು ಸರ್ಕಾರ ಅದರ ಬಳಕೆ ನಿಲ್ಲಿಸಬೇಕಾಯಿತು. ಬಡವರಿಗೆ ಕೊಡುವುದು ಹೇಗಿದ್ದರೂ ನಡೆಯುತ್ತದೆ ಎಂಬ ಉದಾಸೀನ ದಾನದ ಮನೋಭಾವಕ್ಕೆ ಅಂಟಿದ ರೋಗ. ಸಲ್ಲಬೇಕಾದ ಬಾಕಿಯೆಂದು ಭಾವಿಸಿದವನು ಕಳಪೆ ಮಾಲು ಕೊಟ್ಟು ಕೈ ತೊಳೆದುಕೊಳ್ಳಲಾರ.

ಹಣ ಎಲ್ಲಿಂದ? 2003ರಲ್ಲಿ ಕರ್ನಾಟಕದ ಸಹಕಾರಿ ರೈತರು ಇದಕ್ಕೊಂದು ಉತ್ತರ ಕೊಟ್ಟರು. ತಲೆಗೆ ತಿಂಗಳಿಗೆ ಐದು ರೂಪಾಯಿ, ಅದರ ಮೇಲೆ ಸರ್ಕಾರದ ನೆರವು. ಅದೇ ಯಶಸ್ವಿನಿ ಆರೋಗ್ಯ ಯೋಜನೆ. ಅಲ್ಲಿ ದಾನಿಯೂ ಇಲ್ಲ, ಬೇಡುವವನೂ ಇಲ್ಲ. ಆದರೆ ಯಶಸ್ವಿನಿ ನೋಡಿಕೊಂಡದ್ದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯನ್ನು. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೂ ಒತ್ತು ಕೊಟ್ಟದ್ದು ಆಸ್ಪತ್ರೆಯ ಚಿಕಿತ್ಸೆಗೇ. ಹೃದಯದ ಆಪರೇಷನ್ನಿಗೆ ದುಡ್ಡು ಸಿಗುತ್ತದೆ, ಆ ಆಪರೇಷನ್ನನ್ನೇ ತಪ್ಪಿಸಬಹುದಾದ ಬಿಪಿ ಮಾತ್ರೆ ಹೊರಗಿನ ಅಂಗಡಿಯದಾದರೆ ಅದರ ಹೊರೆ ರೋಗಿಯದೇ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆಗಳು ಪುಕ್ಕಟೆ ಸಿಗಬೇಕೆಂಬುದು ಸರ್ಕಾರದ್ದೇ ನೀತಿ. ಆದ್ದರಿಂದ ಸರ್ಕಾರ ಮೊದಲು ಮಾಡಬೇಕಾದ ಕೆಲಸ ದೊಡ್ಡದೇನಲ್ಲ: ಹೋಬಳಿ ಮಟ್ಟದ ಕೇಂದ್ರಗಳಲ್ಲಿ ಬಿಪಿ, ಶುಗರ್ ಮಾತ್ರೆ ಒಂದು ದಿನವೂ ಖಾಲಿಯಾಗದಂತೆ, ಗುಣ ಪರೀಕ್ಷೆಯಾದದ್ದನ್ನೇ, ಒಮ್ಮೆಗೆ ಪೂರ್ತಿ ತಿಂಗಳಿಗೆ ಆಗುವಷ್ಟು ಕೊಡುವುದು. ಕೊಡದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ, ಸಂಕೋಚ ಬೇಡ.